ಕೂಟ್ನೇ ಕಣಿವೆಯ ನೇರಳೆ ಗಿಡ

ವ್ಯಾಂಕೂವರ್‌ನಿಂದ ನೆಲ್ಸನ್‌ಗೆ ಸುಮಾರು 650 ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರಿನಿಂದ ಬೀದರಿಗೆ ಹೋದಷ್ಟು ದಾರಿ. ನಮ್ಮಲ್ಲಿ ನೆಲ ನಿಧಾನವಾಗಿ ಬದಲಾಗುತ್ತದೆ. ಕೆಮ್ಮಣ್ಣು ಹೋಗಿ ಎರೆಮಣ್ಣು ಬರುವಷ್ಟರಲ್ಲಿ ಅರ್ಧ ಹಗಲು ಕಳೆದಿರುತ್ತದೆ. ಕೆನಡಾದ ಈ ಪಶ್ಚಿಮ ಮೂಲೆಯ ಬ್ರಿಟಿಷ್ ಕೊಲಂಬಿಯಾದಲ್ಲಿ ಹಾಗಲ್ಲ. ಒಂದು ಘಟ್ಟ ಹತ್ತಿ ಇಳಿದರೆ ಬೇರೆಯದೇ ಸೀಮೆ. ಹೋಪ್ ಎಂಬ ಊರು ದಾಟಿ ಮೂರನೇ ನಂಬರಿನ ಹೆದ್ದಾರಿ ಹಿಡಿದಾಗ ಎರಡೂ ಬದಿಗೆ ಪಾಚಿ ಹಿಡಿದ ಮರಗಳು, ಜಿನುಗುವ ಬಂಡೆಗಳು, ಕಾರಿನ ಗಾಜಿಗೆ ಮೆತ್ತಿಕೊಳ್ಳುವ ಮಂಜು. ಜುಲೈ ತಿಂಗಳ ಆಗುಂಬೆಯಲ್ಲಿ ಹೋಗುತ್ತಿದ್ದೇವೆ ಅನ್ನಿಸಿತು. ಊಟದ ಹೊತ್ತಿಗೆ ಆ ಮಂಜೆಲ್ಲ ಎಲ್ಲಿ ಹೋಯಿತೋ! ಸಿಮಿಲ್ಕಮೀನ್ ನದಿಯ ಕಣಿವೆ ಒಣಗಿ ಬಿಳಿಚಿಕೊಂಡು ಬಿದ್ದಿತ್ತು. ಚಿತ್ರದುರ್ಗದ ಬೇಸಿಗೆಯ ಗುಡ್ಡಗಳನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಆ ಒಣ ಕಣಿವೆಯಲ್ಲಿ ಕೆರೀಮಿಯಸ್ ಎಂಬ ಪುಟ್ಟ ಊರು, ರಸ್ತೆಯುದ್ದಕ್ಕೂ ಹಣ್ಣಿನ ಅಂಗಡಿಗಳು. ನಾವು ನಿಂತ ಅಂಗಡಿಯಲ್ಲಿ ಸಲ್ವಾರ್ ಕಮೀಜಿನ ಮೇಲೆ ದಪ್ಪ ಸ್ವೆಟರ್ ಹಾಕಿಕೊಂಡ ಪಂಜಾಬಿ ಅಜ್ಜಿಯೊಬ್ಬರು ಸೇಬು ತೂಗುತ್ತಿದ್ದರು. ಈ ಕಡೆಯ ಹಣ್ಣಿನ ತೋಟಗಳಲ್ಲಿ ಎಷ್ಟೋ ಪಂಜಾಬಿ ಕುಟುಂಬಗಳ ಕೈಯಲ್ಲಿವೆಯಂತೆ. ಬುಟ್ಟಿಯಲ್ಲಿದ್ದ ಕಡುನೇರಳೆ ಪ್ಲಮ್ ಹಣ್ಣುಗಳ ಮೇಲೆ ಬೆಳ್ಳನೆಯ ಧೂಳಿನಂಥ ಪೊರೆ. ಬೆರಳಿಂದ ಒರೆಸಿದರೆ ಒಳಗಿನ ಬಣ್ಣ ಮಿಂಚುತ್ತಿತ್ತು. ಈ ಪ್ರಯಾಣದಲ್ಲಿ ನನ್ನ ಬೆನ್ನು ಹತ್ತಲಿದ್ದ ಬಣ್ಣದ ಮೊದಲ ಭೇಟಿ ಅದು.

ಕಾರು ಓಡಿಸುತ್ತಿದ್ದವಳು ನನ್ನ ಅಕ್ಕನ ಮಗಳು. ಹೊಲ ತೋಟಗಳ ಮಣ್ಣು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಅವಳ ಕೆಲಸ. ಓಸೋಯೂಸ್ ದಾಟಿ ಮತ್ತೆ ಬೆಟ್ಟ ಹತ್ತತೊಡಗಿದಾಗ ಅವಳು ಮಾತು ನಿಲ್ಲಿಸಿ, "ಮಾವ, ಈಗ ಕಿಟಕಿಯಿಂದಾಚೆ ನೋಡ್ತಾ ಇರಿ" ಎಂದಳು. ಗ್ರ್ಯಾಂಡ್ ಫೋರ್ಕ್ಸ್ ಕಳೆದು ಕಾಡು ದಟ್ಟವಾದಂತೆ ಅದು ಕಾಣಿಸಿತು: ಕಪ್ಪು ಹಸಿರಿನ ಸೂಜಿಎಲೆ ಮರಗಳ ನಡುವೆ ನೆಟ್ಟಗೆ ನಿಂತ ಹೊಂಬಣ್ಣದ ಮರಗಳು, ಸಾವಿರಾರು, ಬೆಟ್ಟದ ಬುಡದಿಂದ ನೆತ್ತಿಯವರೆಗೆ. ಬಿಸಿಲು ಬಿದ್ದಾಗ ಇಡೀ ಇಳಿಜಾರು ಹೊತ್ತಿಕೊಂಡಂತಿತ್ತು. ಲಾರ್ಚ್ ಎಂಬ ಮರ. ಸೂಜಿಎಲೆಯ ಜಾತಿಗೆ ಸೇರಿಯೂ ಚಳಿಗಾಲಕ್ಕೆ ಮುಂಚೆ ಎಲೆ ಉದುರಿಸುತ್ತದೆ. ನಮ್ಮ ತೇಗ ಎಲೆ ಕಳಚುವುದು ನೀರಿನ ಬರಕ್ಕೆ. ಇಲ್ಲಿನ ಮರಗಳಿಗೆ ಬರುವುದು ಬೆಳಕಿನ ಬರ, ಬಿಸುಪಿನ ಬರ.

ಕಾರು ನಿಲ್ಲಿಸಿ ಇಳಿದೆವು. ಲಾರ್ಚ್ ಮರಗಳ ಕೆಳಗೆ ಮೊಣಕಾಲೆತ್ತರದ ಪೊದೆಗಳು, ಎಲೆಗಳು ಕುಂಕುಮಗೆಂಪು. ಹಕಲ್‌ಬೆರಿ ಪೊದೆ. ಬೇಸಿಗೆಯಲ್ಲಿ ಇದರ ಕಪ್ಪುನೇರಳೆ ಹಣ್ಣಿಗಾಗಿ ಜನವೂ ಕರಡಿಗಳೂ ಬೆಟ್ಟ ಹತ್ತುತ್ತಾರೆ. ಮೇಲೆ ಹೊನ್ನು, ಕೆಳಗೆ ಕುಂಕುಮ. ಎರಡೂ ಒಂದೇ ಚಳಿಗೆ ಬಂದ ಬಣ್ಣಗಳು, ಆದರೂ ಬಂದ ದಾರಿ ಬೇರೆ ಬೇರೆ ಎಂದು ಅವಳು ಬಿಡಿಸಿ ಹೇಳಿದಳು. ಲಾರ್ಚ್‌ನ ಹಳದಿ ಎಲೆಯಲ್ಲಿ ಮೊದಲಿನಿಂದಲೂ ಇತ್ತು. ಹಸಿರಿನ ಮರೆಯಲ್ಲಿತ್ತು, ಹಸಿರು ಕರಗಿದಾಗ ಹೊರಬಿತ್ತು. ಹಕಲ್‌ಬೆರಿಯ ಕೆಂಪು ಹಾಗಲ್ಲ. ಇನ್ನು ಕೆಲವೇ ವಾರಗಳಲ್ಲಿ ಉದುರಿಹೋಗುವ ಎಲೆ, ತನ್ನಲ್ಲಿ ಉಳಿದ ಸಕ್ಕರೆಯನ್ನು ಖರ್ಚು ಮಾಡಿ ಆ ಬಣ್ಣವನ್ನು ಹೊಸದಾಗಿ ತಯಾರಿಸಿರುತ್ತದೆ. ಸಾಯುವ ಎಲೆಗೆ ಈ ದುಂದು ಯಾಕೆ? ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಕತ್ತಲಾಗುವ ಮುನ್ನ ಕ್ಯಾಸಲ್‌ಗರ್ ತಲುಪಿ ಊಟಕ್ಕೆ ಕೂತೆವು. ಕಟ್ಟಾ ಸಸ್ಯಾಹಾರಿಯಾದ ನನಗೆ ಆ ದೂರದ ಕಣಿವೆಯಲ್ಲಿ ಹೇಳಿ ಮಾಡಿಸಿದಂಥ ಊಟ ಸಿಕ್ಕಿತು: ಎಲೆಕೋಸು, ಆಲೂಗಡ್ಡೆ, ಬೀಟ್‌ರೂಟ್, ಬೆಣ್ಣೆ, ಕೆನೆ, ಸಬ್ಬಸಿಗೆ ಹಾಕಿದ ಬಿಸಿ ಬೋರ್ಷ್ಟ್ ಸಾರು. ಅದು ದೂಖೊಬೋರ್ ಎಂಬ ರಷ್ಯನ್ ಪಂಥದವರ ಅಡುಗೆ. ಯುದ್ಧ ಮಾಡೆವು, ಮಾಂಸ ತಿನ್ನೆವು ಎಂದ ಜನ. 1895ರಲ್ಲಿ ತಮ್ಮ ಆಯುಧಗಳನ್ನೆಲ್ಲ ರಾಶಿ ಹಾಕಿ ಸುಟ್ಟರು, ಜಾರ್ ದೊರೆಯ ಕೋಪಕ್ಕೆ ಗುರಿಯಾದರು. ಟಾಲ್‌ಸ್ಟಾಯ್ ತಮ್ಮ ಕಾದಂಬರಿಯೊಂದರ ಗಳಿಕೆಯನ್ನು ಅವರ ಹಡಗಿನ ಖರ್ಚಿಗೆ ಕೊಟ್ಟರು. 1899ರಲ್ಲಿ ಕೆನಡಾಕ್ಕೆ ಬಂದು, 1908ರಿಂದ ಈ ಕಣಿವೆಗಳಲ್ಲಿ ನೆಲೆಯೂರಿದರು. ಅರವತ್ತು ವರ್ಷದ ನಂತರ ವಿಯೆಟ್ನಾಂ ಯುದ್ಧಕ್ಕೆ ಹೋಗಲೊಲ್ಲದ ಅಮೆರಿಕದ ಹುಡುಗರೂ ಗಡಿ ದಾಟಿ ಇದೇ ಬೆಟ್ಟಗಳಿಗೆ ಬಂದರು. ಬಂದೂಕು ಹಿಡಿಯದವರಿಗೆ ಎರಡು ಸಲ ಆಸರೆ ಕೊಟ್ಟ ನೆಲ ಎಂದು ಕೇಳಿದಾಗಲೇ ನನಗೆ ಈ ಊರುಗಳ ಮೇಲೆ ಗೌರವ ಹುಟ್ಟಿತು. ಆ ಎರಡನೆಯ ಅಲೆಯ ಯುವಕರು ಹಿತ್ತಿಲಲ್ಲಿ ಟೊಮೆಟೊ ಜೊತೆಗೆ ಗಾಂಜಾವನ್ನೂ ಬೆಳೆದರು. ಕದ್ದುಮುಚ್ಚಿ ಬೆಳೆದ ಆ ಬೆಳೆಯೇ ದಶಕಗಳ ಕಾಲ ಕೂಟ್ನೇ ಎಂಬ ಈ ಸೀಮೆಗೆ ಹೆಸರನ್ನೂ ಅಪಖ್ಯಾತಿಯನ್ನೂ ತಂದಿತು.

ನೆಲ್ಸನ್ ಬೆಳ್ಳಿ ಗಣಿಗಾರರು ಕಟ್ಟಿದ ಊರು. ಕೂಟ್ನೇ ಸರೋವರದ ಪಶ್ಚಿಮದ ತೋಳಿನ ದಂಡೆಗೆ, ಮಡಿಕೇರಿಯ ಹಾಗೆ ಏರುಪೇರಿನಲ್ಲಿ ಕೂತಿದೆ. ಕಲ್ಲಿನ ಹಳೆಯ ಕಟ್ಟಡಗಳು, ಉಸಿರುಗಟ್ಟಿಸುವ ಏರುಬೀದಿಗಳು, ಬೀದಿಯ ಕೊನೆಯಲ್ಲೆಲ್ಲ ನೀಲಿ ನೀರು. ನಾವು ಇಳಿದುಕೊಂಡದ್ದು ಊರಿನ ಮೇಲ್ಭಾಗದ ಒಂದು ಮನೆಯಲ್ಲಿ. ಮನೆಯೊಡತಿ ನಿವೃತ್ತ ಶಾಲಾ ಶಿಕ್ಷಕಿ, ಮಣ್ಣುಪರೀಕ್ಷೆಯ ನೆವದಲ್ಲಿ ನನ್ನ ಸೊಸೆಗೆ ಪರಿಚಯವಾದವರು. ಬೆಳಗ್ಗೆ ಕಾಫಿ ಕೊಟ್ಟು, "ತೋಟ ನೋಡುತ್ತೀರಾ?" ಎಂದು ಹಿತ್ತಿಲಿಗೆ ಕರೆದೊಯ್ದರು.

ಆಳೆತ್ತರಕ್ಕೂ ಮಿಗಿಲಾದ ಮರದ ಬೇಲಿ. ಚಿಲಕ ತೆಗೆದದ್ದೇ ತಡ, ಗಾಢವಾದ ವಾಸನೆ ಬಂದು ಮುಖಕ್ಕೆ ಬಡಿಯಿತು. ಅದರೊಳಗೆ ಮಾವಿನಕಾಯಿಯ ಸೊನೆಯ ವಾಸನೆಯ ಎಳೆಯೊಂದಿತ್ತು. ಮರ್ಸೀನ್ ಎಂಬ ಪರಿಮಳದ್ರವ್ಯ ಗಾಂಜಾ, ಮಾವು ಎರಡರಲ್ಲೂ ಇರುವುದೇ ಕಾರಣ. ಸಾಲಾಗಿ ನಾಲ್ಕು ಗಿಡ. ಎರಡು ತಿಳಿಹಸಿರು, ನನ್ನ ಎದೆಯೆತ್ತರ. ಒಂದು ಕುಳ್ಳು, ಅಗಲ ಎಲೆಯದು, ಕಡುಹಸಿರು. ನಾಲ್ಕನೆಯದರ ಮುಂದೆ ನಾನು ಮಾತಿಲ್ಲದೆ ನಿಂತೆ. ಬೇಲಿಗಿಂತ ತುಸುವೇ ಗಿಡ್ಡ. ಬೆರಳು ಬಿಡಿಸಿದ ಅಂಗೈಯಂಥ ಎಲೆಗಳೆಲ್ಲ ನೇರಳೆ, ತೆನೆಗಟ್ಟಿದ ಹೂಗೊಂಚಲು ಇನ್ನೂ ಗಾಢ, ಹೆಚ್ಚುಕಡಿಮೆ ಕಪ್ಪು. ಗೊಂಚಲಿನ ಮೇಲೆಲ್ಲ ಸಣ್ಣ ಸಣ್ಣ ಗಾಜಿನ ಹನಿಗಳು ಬೆಳಗಿನ ಬಿಸಿಲಿಗೆ ಹೊಳೆಯುತ್ತಿದ್ದವು. ಕಾಂಡ ಕೂಡ ನೇರಳೆ. ಇಂಥದೊಂದು ಗಿಡವನ್ನು ದೇವರ ಮುಂದೆ ಇಟ್ಟರೂ ಒಪ್ಪುತ್ತದೆ ಅನ್ನಿಸಿತು.

ಹಾಗನ್ನಿಸಿದ್ದಕ್ಕೆ ಕಾರಣವೂ ಇದೆ. ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಈ ಸೊಪ್ಪು ಪ್ರಸಾದ. ಅದೇ ಸೀಮೆಯ ಪೊಲೀಸ್ ಠಾಣೆಯ ಲೆಕ್ಕದಲ್ಲಿ ಗಾಂಜಾ ಬೆಳೆಯುವುದು 1985ರ ಮಾದಕವಸ್ತು ಕಾಯ್ದೆಯಡಿ ಜೈಲಿಗೆ ಕಳಿಸುವ ಅಪರಾಧ. ನಮ್ಮಲ್ಲಿ ಈ ಗಿಡವನ್ನು ಪತ್ರಿಕೆಯ ಚಿತ್ರದಲ್ಲಿ ನೋಡುತ್ತೇವೆ, ಕಬ್ಬಿನ ಗದ್ದೆಯ ನಡುವಿಂದ ಕಿತ್ತು ರಾಶಿ ಹಾಕಿ ಪೊಲೀಸರು ಪಕ್ಕದಲ್ಲಿ ನಿಂತಂತೆ. ಇಲ್ಲಿ ಅಜ್ಜಿಯೊಬ್ಬರು ಕೈಗವಸು ತೊಟ್ಟು ಅದರ ಒಣಗಿದ ಎಲೆ ತೆಗೆಯುತ್ತಿದ್ದರು. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನಿಗೆ ಒಳಪಟ್ಟ ಬೆಳೆ. ಮನೆಗೆ ನಾಲ್ಕು ಗಿಡ, ಐದನೆಯದು ಕೂಡದು. ಈ ಪ್ರಾಂತ್ಯದಲ್ಲಿ ಬೆಳೆಯುವವರಿಗೆ 19 ತುಂಬಿರಬೇಕು, ಗಿಡ ಬೀದಿಯಿಂದ ಕಾಣಬಾರದು; ಆ ಎತ್ತರದ ಬೇಲಿ ಅದಕ್ಕೇ. ಕ್ವಿಬೆಕ್ ಪ್ರಾಂತ್ಯ ಮನೆಯಲ್ಲಿ ಬೆಳೆಯುವುದನ್ನೇ ನಿಷೇಧಿಸಿದೆ, ಆ ನಿಷೇಧವನ್ನು ದೇಶದ ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿದಿದೆ. ಒಂದೇ ದೇಶದಲ್ಲಿ ಎರಡು ನ್ಯಾಯ ಎನ್ನುವುದು ನಮ್ಮಲ್ಲಿ ಮಾತ್ರ ಅಲ್ಲ.

"ಆಗಸ್ಟ್‌ನಲ್ಲಿ ಇದೂ ಹಸಿರೇ ಇತ್ತು" ಎಂದು ಮನೆಯೊಡತಿ ನೇರಳೆ ಗಿಡದ ಕೊಂಬೆ ಬಾಗಿಸಿ ತೋರಿಸಿದರು. ಮೇಲಿನ ಎಲೆಯೊಂದು ಕೆಳಗಿನ ಎಲೆಗೆ ಅಂಟಿ ನೆರಳು ಮಾಡಿತ್ತು. ಮೇಲಿನದನ್ನು ಸರಿಸಿದಾಗ ಕೆಳಗಿನ ನೇರಳೆ ಎಲೆಯ ಮೈಮೇಲೆ ಹಸಿರು ಎಲೆಯ ಅಚ್ಚು! ಬಿಸಿಲು ತಾಗಿದಲ್ಲಿ ಮಾತ್ರ ಬಣ್ಣ ಬಂದಿದೆ, ನೆರಳಿದ್ದಲ್ಲಿ ಹಸಿರು ಹಾಗೇ ಉಳಿದಿದೆ. ಬೆಟ್ಟದ ಮೇಲೆ ಹುಟ್ಟಿದ ನನ್ನ ಪ್ರಶ್ನೆಗೆ ಉತ್ತರದ ತುದಿ ಅಲ್ಲಿ ಸಿಕ್ಕಿತು. ಬಣ್ಣಕ್ಕೆ ಚಳಿಯೊಂದೇ ಸಾಲದು, ಬೆಳಕೂ ಬೇಕು. ಹಗಲು ಹೊಳೆಯಬೇಕು, ರಾತ್ರಿ ಕೊರೆಯಬೇಕು.

ಹಿಂದಿನ ರಾತ್ರಿ ಅಲ್ಲಿ 4 ಡಿಗ್ರಿ. ನಮ್ಮ ಬೆಂಗಳೂರಿನ ದಾಖಲೆಯ ಚಳಿ ಎಂದರೆ 1884ರ ಜನವರಿಯ 7.8 ಡಿಗ್ರಿ. ಅಷ್ಟು ತಂಪಿನಲ್ಲಿ ಎಲೆಯೊಳಗೆ ಒಂದು ಇಕ್ಕಟ್ಟು ಹುಟ್ಟುತ್ತದೆ. ಬೆಳಗಾಗುತ್ತಿದ್ದಂತೆ ಬಿಸಿಲು ಬೀಳುತ್ತದೆ, ಹಸಿರು ಬೆಳಕನ್ನು ಹೀರತೊಡಗುತ್ತದೆ. ಬೆಳಕು ಹೀರಲು ಬಿಸುಪು ಬೇಡ. ಆದರೆ ಹೀರಿದ ಶಕ್ತಿಯನ್ನು ಸಕ್ಕರೆಯಾಗಿಸುವ ಕಿಣ್ವಗಳು ಚಳಿಗೆ ಮಂದವಾಗಿರುತ್ತವೆ. ಬಳಕೆಯಾಗದೆ ಉಳಿದ ಶಕ್ತಿ ಆಮ್ಲಜನಕದ ಮೇಲೆ ತಿರುಗಿ, ಎಲೆಯ ಜೀವಕೋಶಗಳನ್ನೇ ಸುಡುವ ಉಗ್ರ ಅಣುಗಳನ್ನು ಹುಟ್ಟಿಸುತ್ತದೆ. ಆಗ ಗಿಡ ಆಂಥೋಸಯನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸಿ ಜೀವಕೋಶದ ನೀರುಚೀಲದಲ್ಲಿ ತುಂಬಿಕೊಳ್ಳುತ್ತದೆ. ಅದು ಹೆಚ್ಚುವರಿ ಬೆಳಕಿಗೆ ಅಡ್ಡ ಹಿಡಿದ ಪರದೆ, ಆ ಉಗ್ರ ಅಣುಗಳನ್ನು ತಣಿಸುವ ಮದ್ದೂ ಹೌದು. ಇನ್ನೊಂದು ಕಾರಣವೂ ಒಟ್ಟಿಗೇ ಸೇರುತ್ತದೆ. ಚಳಿಯಲ್ಲಿ ಎಲೆಯಿಂದ ಹೂವಿಗೆ, ಬೇರಿಗೆ ಸಕ್ಕರೆಯ ಸಾಗಾಟ ನಿಧಾನವಾಗಿ, ಎಲೆಯಲ್ಲೇ ಸಕ್ಕರೆ ಕೂಡಿಬೀಳುತ್ತದೆ. ಕೂಡಿಬಿದ್ದ ಸಕ್ಕರೆಯೇ ಬಣ್ಣದ ವಂಶವಾಹಿಗಳನ್ನು ಎಬ್ಬಿಸುವ ಸೂಚನೆ. ಸಾಯುವ ಎಲೆಯ ದುಂದೂ ಈಗ ಅರ್ಥವಾಯಿತು: ಉದುರುವ ಮುನ್ನ ಎಲೆಯಲ್ಲಿರುವ ಸಾರಜನಕವನ್ನು ಗಿಡ ಒಳಗೆ ಎಳೆದುಕೊಳ್ಳುತ್ತಿರುತ್ತದೆ, ಆ ಕೆಲಸ ಮುಗಿಯುವವರೆಗೆ ಎಲೆ ಸುಟ್ಟುಹೋಗಬಾರದು. ಪರದೆ ಅದಕ್ಕಾಗಿ ಎಂಬುದು ಹಲವು ಸಸ್ಯವಿಜ್ಞಾನಿಗಳ ವಿವರಣೆ.

ನನಗೆ ತಟ್ಟನೆ ನೆನಪಾದದ್ದು ನಮ್ಮ ಮಾವಿನ ಚಿಗುರು, ನಾಗಸಂಪಿಗೆಯ ಚಿಗುರು. ಫಾಲ್ಗುಣ ಚೈತ್ರದಲ್ಲಿ ತಾಮ್ರಗೆಂಪಾಗಿ ಜೋತುಬೀಳುವ ಆ ಎಳೆ ಎಲೆಗಳಲ್ಲಿರುವುದೂ ಇದೇ ವರ್ಗದ ಬಣ್ಣ. ಹಸಿರು ಇನ್ನೂ ಬಲಿಯದ ಕೂಸುಎಲೆಗೆ ನಮ್ಮ ಸೂರ್ಯನ ಉರಿಯಿಂದ ಅದು ರಕ್ಷೆ. ನಮ್ಮಲ್ಲಿ ಎಲೆ ಹುಟ್ಟುವಾಗ ಕೆಂಪು, ಇಲ್ಲಿ ಎಲೆ ಮುಪ್ಪಾಗುವಾಗ ಕೆಂಪು. ಭೂಮಿಯ ಎರಡು ಕಡೆ, ಎಲೆಯ ಬದುಕಿನ ಎರಡು ತುದಿಯಲ್ಲಿ, ಒಂದೇ ಉಪಾಯ! ಅದನ್ನು ಹೇಳಿದಾಗ ಮನೆಯೊಡತಿ ಮಾವಿನ ಚಿಗುರಿನ ಚಿತ್ರ ತೋರಿಸಿ ಎಂದು ಹಟ ಹಿಡಿದರು. ಫೋನಿನಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿದರು.

ಹಾಗಾದರೆ ಉಳಿದ ಮೂರು ಗಿಡಗಳಿಗೂ ಬಿದ್ದದ್ದು ಅದೇ ಬಿಸಿಲು, ಅದೇ ಚಳಿ. ಅವು ಯಾಕೆ ಹಸಿರು? ಬಣ್ಣ ಮಾಡುವ ಶಕ್ತಿ ಹುಟ್ಟಿನಿಂದ ಬರಬೇಕು. ಎಷ್ಟು ತಂಪಿಗೆ, ಯಾವ ಭಾಗದಲ್ಲಿ, ಎಷ್ಟು ಬಣ್ಣ ಎಂಬುದನ್ನು ತಳಿಯ ವಂಶವಾಹಿಗಳು ನಿರ್ಧರಿಸುತ್ತವೆ. ಕೆಲವು ತಳಿ ಬೆಚ್ಚಗಿನ ಕೋಣೆಯಲ್ಲೂ ನೇರಳೆಯಾಗುತ್ತವೆ. ಕೆಲವು ಹಿಮದಲ್ಲಿ ನಿಂತರೂ ಹಳದಿಯಾಗಿ ಸಾಯುತ್ತವೆಯೇ ಹೊರತು ನೇರಳೆಯಾಗುವುದಿಲ್ಲ. ನನ್ನ ಸೊಸೆ ತನ್ನ ಕಸುಬಿನ ಮಾತೊಂದನ್ನು ಸೇರಿಸಿದಳು: "ಬರೀ ಕಾಂಡ, ಎಲೆಯ ತೊಟ್ಟು ನೇರಳೆಯಾಗಿ ಎಲೆ ಮಂಕಾಗಿದ್ರೆ ನಾವು ಮೊದಲು ರಂಜಕದ ಕೊರತೆ ಅಂತ ಅನುಮಾನ ಪಡ್ತೀವಿ ಮಾವ. ಮಣ್ಣು ತಣ್ಣಗಾದ್ರೆ ಬೇರು ರಂಜಕ ಎಳೆಯೋದು ಕಮ್ಮಿಯಾಗುತ್ತೆ." ಊರಲ್ಲಿ ಚಳಿಗಾಲದ ಜೋಳದ ಪೈರಿನ ಎಲೆ ಅಂಚು ನೇರಳೆಯಾಗುವುದನ್ನು ಕಂಡ ರೈತರಿಗೆ ಇದು ಹೊಸ ಮಾತಲ್ಲ. ಆ ನೇರಳೆ ಬಣ್ಣ ಗಿಡದ ಸೊಗಸಲ್ಲ, ಹಸಿವು.

ಮಧ್ಯಾಹ್ನ ಮನೆಯೊಡತಿ ತಾವು ಶಾಲೆಯಲ್ಲಿ ಕೆಂಪು ಎಲೆಕೋಸಿನಿಂದ ಮಾಡಿಸುತ್ತಿದ್ದ ಪ್ರಯೋಗವನ್ನು ಈ ಎಲೆಗಳಿಂದ ಮಾಡಿ ತೋರಿಸಿದರು. ನೇರಳೆ ಎಲೆಗಳನ್ನು ಜಜ್ಜಿ ಬಿಸಿನೀರಿಗೆ ಹಾಕಿದರು. ನೀರು ಕಂದುಮಿಶ್ರಿತ ನೇರಳೆಗೆ ತಿರುಗಿತು. ಸೋಸಿ ಎರಡು ಗಾಜಿನ ಲೋಟಕ್ಕೆ ಬಗ್ಗಿಸಿ, ಒಂದಕ್ಕೆ ನಿಂಬೆರಸ ಹಿಂಡಿದರೆ ಕೆಂಪೇರಿತು. ಇನ್ನೊಂದಕ್ಕೆ ಅಡುಗೆ ಸೋಡಾ ಹಾಕಿದರೆ ಹಸಿರಿಗೆ ತಿರುಗಿತು. ಶಂಖಪುಷ್ಪದ ನೀಲಿ ಶರಬತ್ತಿಗೆ ನಿಂಬೆ ಹಿಂಡಿ ಮಕ್ಕಳನ್ನು ಬೆರಗುಗೊಳಿಸುವ ನಮ್ಮ ಮನೆಗಳ ಆಟವೇ ಇದು. ಹುಳಿಯಲ್ಲಿ ಕೆಂಪು, ಕ್ಷಾರದತ್ತ ಹೋದಂತೆ ನೀಲಿ, ಹಸಿರು. ಆಂಥೋಸಯನಿನ್‌ನ ಗುರುತೇ ಅದು. ನೇರಳೆಹಣ್ಣು, ಮುರುಗಲು, ಬದನೆಯ ಸಿಪ್ಪೆ ಎಲ್ಲವೂ ಇದೇ ಬಳಗ. ಕ್ಯಾಸಲ್‌ಗರ್‌ನ ಸಾರಿನಲ್ಲಿದ್ದ ಬೀಟ್‌ರೂಟ್ ಮತ್ತು ನಮ್ಮ ಕೆಂಪು ಹರಿವೆ ಮಾತ್ರ ಈ ಬಳಗದವಲ್ಲ. ಅವುಗಳದು ಬೀಟಲೇನ್ ಎಂಬ ಬೇರೆಯೇ ರಸಾಯನ, ಅದನ್ನು ಮಾಡುವ ಗಿಡ ಆಂಥೋಸಯನಿನ್ ಮಾಡುವುದಿಲ್ಲ.

ಆ ಲೋಟಗಳು ಇನ್ನೊಂದು ಸಂಗತಿಯನ್ನೂ ತಿಳಿಸಿದವು. ಬಣ್ಣ ನೀರಿನಲ್ಲಿ ಕರಗಿತು. ಮತ್ತು ಬರಿಸುವ ಟಿಎಚ್‌ಸಿ ನೀರಿನಲ್ಲಿ ಕರಗುವ ವಸ್ತುವಲ್ಲ. ಅದು ಹೂಗೊಂಚಲಿನ ಮೇಲೆ ಹೊಳೆಯುತ್ತಿದ್ದ ಗಾಜಿನಂಥ ಗ್ರಂಥಿಗಳ ಅಂಟಿನಲ್ಲಿದೆ. ಬಣ್ಣ ಎಲೆಯ ಮೈಯೊಳಗೆ, ಅಂಟು ಹೊರಗೆ. ಎರಡೂ ಬೇರೆ ಬೇರೆ ಕಾರ್ಖಾನೆಯ ಸರಕು. ನೇರಳೆಯಾದಷ್ಟೂ ಘಾಟು ಹೆಚ್ಚು ಎಂದು ಅಂಗಡಿಗಳಲ್ಲಿ ಹೆಚ್ಚು ಬೆಲೆ ಕೊಟ್ಟು ಕೊಳ್ಳುವವರು ಕಣ್ಣಿಗೆ ಬೆಲೆ ಕೊಡುತ್ತಿದ್ದಾರೆ, ಅಷ್ಟೆ.

ಇನ್ನು ಚಳಿಯ ಮಾತು. ನೇರಳೆಯಾದ ಗಿಡ ಚಳಿಗೆ ಗಟ್ಟಿ ಎಂಬ ನಂಬಿಕೆ ಈ ಕಣಿವೆಯಲ್ಲೂ ಇದೆ. ನಾನು ಕೇಳಿದಾಗ ಮನೆಯೊಡತಿ ಆ ಕುಳ್ಳ ಹಸಿರು ಗಿಡದ ತಲೆ ಮುಟ್ಟಿ, "ಗಟ್ಟಿ ಇವನು" ಎಂದರು.

ಅದರ ಗಟ್ಟಿತನದ ಗುಟ್ಟು ಆಕಾಶದಲ್ಲಿದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ನೆಲ್ಸನ್ 49 ದಾಟಿದೆ. ಜೂನ್ ತಿಂಗಳಲ್ಲಿ ನಮ್ಮ ಅತಿ ದೊಡ್ಡ ಹಗಲು 13 ಗಂಟೆಗೆ ತುಸು ಕಡಿಮೆ. ಅಲ್ಲಿ 16 ಗಂಟೆಗೂ ಹೆಚ್ಚು. ಗಾಂಜಾ ಗಿಡ ರಾತ್ರಿಯ ಉದ್ದವನ್ನು ಅಳೆದು ಹೂ ಬಿಡುವ ಜಾತಿ. ಆ ಉದ್ದನೆಯ ಹಗಲುಗಳಲ್ಲಿ ಅದು ಹೂವಿನ ಯೋಚನೆಯನ್ನೇ ಮಾಡುವುದಿಲ್ಲ; ಆಗಸ್ಟ್‌ನಲ್ಲಿ ರಾತ್ರಿ ಬೆಳೆಯತೊಡಗಿದ ಮೇಲೆ ಮೊಗ್ಗು. ಅಲ್ಲಿಂದ ಹಿಮ ಬೀಳುವವರೆಗೆ ಸಿಗುವುದು ಎರಡು ತಿಂಗಳ ಕಿರುಗಾಲ. ದಕ್ಷಿಣ ಭಾರತದ ಗಿಡಗಳು ಎತ್ತರ, ತೆಳು ಎಲೆಯವು, ಹೂ ಬಲಿಯಲು ಬಹಳ ಕಾಲ ತೆಗೆದುಕೊಳ್ಳುವವು. ಅವನ್ನು ಇಲ್ಲಿ ನೆಟ್ಟರೆ ಕಾಯಿಯಾಗುವ ಮೊದಲೇ ಹಿಮದಡಿ ಮಲಗುತ್ತವೆ. ಲಾಮಾರ್ಕ್ 1785ರಲ್ಲಿ ಭಾರತದಿಂದ ಬಂದ ಗಿಡ ನೋಡಿಯೇ ಇಂಡಿಕಾ ಎಂಬ ಹೆಸರು ಕೊಟ್ಟದ್ದು. ಇಂದು ಇಲ್ಲಿನ ತೋಟದವರು ಆ ಹೆಸರಿನಿಂದ ಕರೆಯುವುದು ಹಿಂದೂಕುಶ್ ಬೆಟ್ಟಗಳ ಅಗಲ ಎಲೆಯ, ಬೇಗ ಮಾಗುವ ಗಿಡಗಳನ್ನು. ಬೆಟ್ಟದ ಚಳಿ ಬರುವ ಮುಂಚೆ ಬೀಜ ಕಟ್ಟಿದವು ಮಾತ್ರ ಅಲ್ಲಿ ತಲೆತಲಾಂತರ ಉಳಿದವು. ಇನ್ನೊಂದು ಮೂಲ ರಷ್ಯಾದ್ದು. ಯಾನಿಶೆವ್‌ಸ್ಕಿ ಎಂಬ ಸಸ್ಯಶಾಸ್ತ್ರಜ್ಞ 1924ರಲ್ಲಿ ವರ್ಣಿಸಿದ ರುಡರಾಲಿಸ್ ಎಂಬ ಕಾಡುಗಿಡ. ಅದರ ಸಂತತಿಯಲ್ಲಿ ರಾತ್ರಿಯ ಉದ್ದವನ್ನು ಕಾಯದೆ, ವಯಸ್ಸಿಗೆ ಬಂದೊಡನೆ ಹೂ ಬಿಡುವ ಗುಣವಿದೆ. ಕುಳ್ಳನ ರಕ್ತದಲ್ಲಿ ಈ ಎರಡೂ ಮೂಲಗಳಿವೆ ಎಂದು ಬೀಜದ ಪೊಟ್ಟಣ ಹೇಳುತ್ತಿತ್ತು.

ಬೇಗ ಮಾಗುವುದು ಚಳಿಯಿಂದ ತಪ್ಪಿಸಿಕೊಳ್ಳುವ ಜಾಣ್ಮೆ. ಚಳಿಯನ್ನು ತಾಳಿಕೊಳ್ಳುವುದು ಇನ್ನೊಂದು ವಿದ್ಯೆ. ಹಿಮ ಬೀಳುವ ಮುನ್ನ ಕೆಲವು ವಾರ ಹದವಾದ ತಂಪು ಸಿಕ್ಕಿದ ಗಿಡ ಮೆಲ್ಲಗೆ ಸಿದ್ಧವಾಗುತ್ತದೆ: ಜೀವಕೋಶದ ಪೊರೆಯಲ್ಲಿ ಚಳಿಗೆ ಗಟ್ಟಿಯಾಗದ ಕೊಬ್ಬು ಸೇರಿಸಿಕೊಳ್ಳುತ್ತದೆ, ಕೋಶದೊಳಗೆ ಸಕ್ಕರೆ, ಪ್ರೋಲಿನ್ ಎಂಬ ಅಮೈನೋ ಆಮ್ಲ ಕೂಡಿಟ್ಟು ನೀರು ಹೆಪ್ಪುಗಟ್ಟುವ ಮಟ್ಟವನ್ನು ಕೆಳಗಿಳಿಸುತ್ತದೆ, ಪೊರೆಯನ್ನು ಕಾಯುವ ಪ್ರೋಟೀನುಗಳನ್ನು ತಯಾರಿಸುತ್ತದೆ. ಮಾಂಟ್ರಿಯಲ್‌ನ ಮ್ಯಾಗಿಲ್ ವಿಶ್ವವಿದ್ಯಾಲಯದ ತಂಡವೊಂದು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾನಬಿಸ್, ಅಂದರೆ ಗಾಂಜಾ ಜಾತಿಯ, ತಳಿಗಳಲ್ಲಿ ಈ ಸಿದ್ಧತೆಯ ಸಾಮರ್ಥ್ಯ ಒಂದೇ ಸಮ ಇರುವುದಿಲ್ಲ, ಚಳಿಗೆ ಎಚ್ಚೆತ್ತುಕೊಳ್ಳುವ ವಂಶವಾಹಿಗಳ ನಡೆಯಲ್ಲೇ ವ್ಯತ್ಯಾಸವಿದೆ ಎಂದು ತೋರಿಸಿತು. ಬಣ್ಣವೂ ಈ ಸಿದ್ಧತೆಯೂ ಒಂದೇ ತಂಪಿನ ಕರೆಗೆ ಓಗೊಡುತ್ತವೆ. ಅದಕ್ಕೇ ಜನ ಎರಡನ್ನೂ ಒಂದೇ ಎಂದುಕೊಂಡದ್ದು.

ಸಂಜೆಯ ವಾರ್ತೆಯಲ್ಲಿ ಹಿಮದ ಎಚ್ಚರಿಕೆ ಬಂತು. ಮನೆಯೊಡತಿ ಎರಡು ತಿಳಿಹಸಿರು ಗಿಡಗಳನ್ನು ಅಂದೇ ಕತ್ತರಿಸಿ ಕೊಟ್ಟಿಗೆಯಲ್ಲಿ ತಲೆಕೆಳಗಾಗಿ ತೂಗುಹಾಕಿದರು, ಅವು ಬಲಿತಿದ್ದವು. ಅವರಿಗೆ ಹಿಮಕ್ಕಿಂತ ಹೆಚ್ಚಿನ ಹೆದರಿಕೆ ಅದರ ಹಿಂದಿನ ತಣ್ಣನೆಯ ಮಳೆಯದು. ದಟ್ಟ ಹೂಗೊಂಚಲಿನೊಳಗೆ ತೇವ ನಿಂತರೆ ಬೂದು ಬೂಷ್ಟು ಹಿಡಿದು ಒಳಗಿಂದಲೇ ಕೊಳೆಯುತ್ತದೆ, ಮಲೆನಾಡಿನಲ್ಲಿ ಅಡಿಕೆಗೆ ಕೊಳೆರೋಗ ಬಂದಾಗ ಬೆಳೆಗಾರರ ಮುಖದಲ್ಲಿ ಕಾಣುವ ದುಗುಡವೇ ಆ ಮಾತು ಹೇಳುವಾಗ ಅವರ ಮುಖದಲ್ಲಿತ್ತು. ಉಳಿದ ಎರಡು, ನೇರಳೆ ಮತ್ತು ಕುಳ್ಳ, ಇನ್ನೊಂದು ವಾರ ಕೇಳುತ್ತಿದ್ದವು. ಹೊದಿಸಲು ಇದ್ದ ಹಚ್ಚಡ ನೇರಳೆ ಗಿಡದ ಎತ್ತರಕ್ಕೆ ಸಾಲದೆ, ಎರಡನ್ನೂ ತೆರೆದೇ ಬಿಟ್ಟರು.

ಬೆಳಗ್ಗೆ ಮೈನಸ್ 3. ಹುಲ್ಲು, ಬೇಲಿ, ಕಾರಿನ ಗಾಜು ಎಲ್ಲ ಬೆಳ್ಳಗೆ. ಚಳಿಗಾಲದ ಊಟಿಯಲ್ಲಿ ಹುಲ್ಲಿನ ಮೇಲೆ ಇಂಥ ಹಿಮ ಕಂಡಿದ್ದೆ, ಆದರೆ ಅದು ಸೂರ್ಯ ಬಂದೊಡನೆ ನಾಚಿ ಓಡುವಂಥದು. ಇದು ಕಾಲ ಕೆಳಗೆ ಕರಕರ ಎನ್ನುತ್ತಿತ್ತು. ನೇರಳೆ ಗಿಡ ಹಿಮದ ಪುಡಿ ಹೊತ್ತು ಹಿಂದಿನ ದಿನಕ್ಕಿಂತ ಚೆಂದ ಕಾಣುತ್ತಿತ್ತು. ಬಿಸಿಲು ಬೇಲಿ ದಾಟಿ ಬಂದ ಮೇಲೆ ನಿಜ ತಿಳಿಯಿತು. ಹಿಮ ಮೊದಲು ಕಟ್ಟುವುದು ಜೀವಕೋಶಗಳ ಹೊರಗೆ. ಅದು ಕೋಶದೊಳಗಿನ ನೀರನ್ನು ಎಳೆದುಕೊಳ್ಳುತ್ತದೆ, ಬತ್ತಿದ ಕೋಶದ ಪೊರೆ ಹರಿಯುತ್ತದೆ, ಕರಗಿದಾಗ ಒಳಗಿನದೆಲ್ಲ ಸೋರುತ್ತದೆ. ಅಗಲವಾದ ನೇರಳೆ ಎಲೆಗಳು ಒಂದೊಂದಾಗಿ ಜೋತುಬಿದ್ದವು, ನೀರುನೀರಾಗಿ ಕಪ್ಪಾದವು. ಕುಳ್ಳನ ಅಂಚಿನ ಕೆಲವು ಎಲೆ ಸುರುಟಿದ್ದವು. ಉಳಿದಂತೆ ಅವನು ನೆಟ್ಟಗೆ ನಿಂತಿದ್ದ, ಹಸಿರಾಗಿ.

ಮನೆಯೊಡತಿ ನೇರಳೆ ಗಿಡದ ಹೂಗೊಂಚಲುಗಳನ್ನು ಅವಸರದಲ್ಲಿ ಕೊಯ್ದರು. ಬರುವ ವರ್ಷ ಕುಳ್ಳನ ತಳಿಯ ಮೂರು ಗಿಡ, ನೇರಳೆಯದು ಒಂದು ಎಂದರು. ಅದೂ ಮನೆಗೋಡೆಯ ಬದಿಗೆ, ರಾತ್ರಿ ಗೋಡೆಯ ಬಿಸುಪು ಸಿಗುವಲ್ಲಿ. ಚೆಂದಕ್ಕೆ ಒಂದಿರಲಿ ಎಂಬುದು ಅವರ ಮಾತು. ಆ ಲೆಕ್ಕಾಚಾರಕ್ಕೆ ನನ್ನ ಪೂರ್ತಿ ಒಪ್ಪಿಗೆಯಿದೆ.

ಈ ದಾರಿಯಲ್ಲಿ ಹೋಗುವ ಕನ್ನಡಿಗರಿಗೆ ಒಂದು ಮಾತು ಹೇಳಬೇಕು. ಅಕ್ಟೋಬರ್‌ನಲ್ಲಿ ಹೋಗಿ, ಲಾರ್ಚ್ ಹೊನ್ನಾಗಿರುತ್ತದೆ, ಹಕಲ್‌ಬೆರಿ ಕೆಂಪಾಗಿರುತ್ತದೆ. ಹಿತ್ತಿಲು ತೋರಿಸಿ ಎಂದು ಕೇಳಿದರೆ ಅಲ್ಲಿನ ಜನ ಸಂತೋಷದಿಂದ ತೋರಿಸುತ್ತಾರೆ. ಆದರೆ ಅಷ್ಟು ಚೆಂದದ ನೇರಳೆ ಎಲೆಯೊಂದನ್ನು ಪುಸ್ತಕದ ನಡುವೆ ಒತ್ತಿ ಊರಿಗೆ ತರುವ ಆಸೆ ಬೇಡ. ದೇಶದೊಳಗೆ ಕಾನೂನು ಒಪ್ಪಿದ್ದರೂ, ಪರವಾನಗಿ ಇಲ್ಲದೆ ಗಾಂಜಾವನ್ನು ಕೆನಡಾದ ಗಡಿ ದಾಟಿಸುವುದು ಅಪರಾಧ, ಒಳಗೆ ತಂದರೂ ಹೊರಗೆ ಒಯ್ದರೂ.